ಮೇಲೆ ಥಳುಕು, ಒಳಗೆ? ರಿಸ್ಟೋರ್ ಆದ ಎಂಜಿಬಿ ಕೊಳ್ಳುವ ಮುನ್ನ

‘1966ರ ಎಂಜಿಬಿ ರೋಡ್‌ಸ್ಟರ್, ಟಾರ್ಟನ್ ರೆಡ್ ಬಣ್ಣ, ವೈರ್ ವೀಲ್, ಓವರ್‌ಡ್ರೈವ್, ಹೊಸ ಲೆದರ್ ಸೀಟು, ಸಂಪೂರ್ಣ ರಿಸ್ಟೋರೇಶನ್ ಆಗಿದೆ.’ ಎಂಜಿಬಿ ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು, ರೋಡ್‌ಸ್ಟರ್ ಅದರ ತೆರೆದ ಮಾದರಿ. ಅಲ್ಲಿ ಇಂಥ ಜಾಹೀರಾತಿಗೆ ಬರವಿಲ್ಲ. ಇದರಲ್ಲಿರುವ ಬಣ್ಣ, ಚಕ್ರ, ಸೀಟುಗಳನ್ನು ನಿಂತ ನಿಲುವಿನಲ್ಲೇ ನೋಡಿ ತೂಗಬಹುದು. ಕೊನೆಯ ಮಾತಿಗೆ ಮಾತ್ರ ಯಾವ ಅಳತೆಗೋಲೂ ಇಲ್ಲ. ಗಾಡಿಯನ್ನು ಬರೀ ಚಿಪ್ಪಿನ ಮಟ್ಟಕ್ಕೆ ಬಿಚ್ಚಿ, ಕೊಳೆತ ತಗಡನ್ನೆಲ್ಲ ಕತ್ತರಿಸಿ ಹೊಸದು ವೆಲ್ಡ್ ಮಾಡಿದರೂ ಅದು ರಿಸ್ಟೋರೇಶನ್ನೇ; ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೂ ಅದೇ ಹೆಸರು. ಫೋಟೋದಲ್ಲಿ ಎರಡೂ ಒಂದೇ ಥರ ಮಿರುಗುತ್ತವೆ.

ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಅದರ ಎಂಜಿನ್ ನಮ್ಮವರಿಗೆ ದೂರದ ನೆಂಟ: ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಎಂಜಿಬಿಯ 1798 ಸಿಸಿ ಎಂಜಿನ್, ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಶನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್ ಮನೆತನದವು. ಅಂಬಾಸಿಡರ್ ಬಿಚ್ಚಿ ಕಟ್ಟಿದ ಮೇಸ್ತ್ರಿಗೆ ಈ ಬಾನೆಟ್ ಕೆಳಗೆ ಹೊಸದೇನೂ ಕಾಣುವುದಿಲ್ಲ. ಹಾಗಾಗಿ ಎಂಜಿನ್‌ಗೆ ಹೆದರಬೇಕಿಲ್ಲ. ಅದರ ಪ್ರತಿ ಬಿಡಿಭಾಗವೂ ಸಿಗುತ್ತದೆ, ಪ್ರತಿ ರಿಪೇರಿಗೂ ಒಂದು ಅಂದಾಜು ಬೆಲೆ ಇದೆ. ಬೆಲೆ ಕಟ್ಟಲಾಗದ್ದು ಬಾಡಿ. ಗಾಡಿ ನೋಡಲು ಒಂದು ಗಂಟೆ ಸಿಕ್ಕರೆ ಅದರಲ್ಲಿ ಮುಕ್ಕಾಲು ಗಂಟೆ ನೆಲದ ಮೇಲೆ ಅಂಗಾತ ಮಲಗಿಯೇ ಕಳೆಯಬೇಕು.

ಯಾಕೆಂದರೆ ಎಂಜಿಬಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ರೋಡ್‌ಸ್ಟರ್‌ಗೆ ಮೇಲ್ಛಾವಣಿಯ ಆಸರೆಯೂ ಇಲ್ಲದ್ದರಿಂದ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡುವ ಕೆಲಸ ಬಹುಪಾಲು ಬಾಗಿಲ ಕೆಳಗಿನ ಸಿಲ್‌ಗಳದ್ದು. ಹೊರಗಿನಿಂದ ಕಾಣುವುದು ಹೊರ ಸಿಲ್ ಒಂದೇ. ಅದರ ಹಿಂದೆ ನಿಂತಗೋಡೆಯಂಥ ಮೆಂಬ್ರೇನ್, ಅದರಾಚೆ ಒಳ ಸಿಲ್, ಇವೆಲ್ಲವೂ ನೆಲದ ತಗಡಿಗೆ ಸೇರುವಲ್ಲಿ ಕೆಳಗೆ ಕ್ಯಾಸಲ್ ರೈಲ್. ಅಡ್ಡಕ್ಕೆ ಕೊಯ್ದರೆ ಕೋಟೆಯ ತೆನೆಯಂತೆ ಏರಿಳಿಯುವುದರಿಂದ ಅದಕ್ಕೆ ಆ ಹೆಸರು. ಮುಂದಿನ ಚಕ್ರ ಎರಚುವ ಕೆಸರು ವಿಂಗ್‌ನ (ಮಡ್‌ಗಾರ್ಡ್) ಹಿಂಭಾಗದಲ್ಲಿ ಸೇರಿ ಒದ್ದೆಯಾಗಿಯೇ ಇರುತ್ತದೆ. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗೆ ಸುರಿಯುವ ಉಪ್ಪೂ ಅದರ ಜೊತೆ ಸೇರುತ್ತದೆ. ತುಕ್ಕು ಹಿಡಿಯುವುದು ಅಲ್ಲಿಂದ, ಅದೂ ಒಳಗಿನಿಂದ ಹೊರಕ್ಕೆ. ಹೊರ ಸಿಲ್ ಮೇಲೆ ಬಣ್ಣ ಗುಳ್ಳೆ ಎದ್ದಿತೆಂದರೆ ಮೆಂಬ್ರೇನ್ ಆಗಲೇ ಜರಡಿಯಾಗಿರುತ್ತದೆ.

ಕಳ್ಳ ಕೆಲಸ ನಡೆಯುವುದೂ ಇಲ್ಲಿಯೇ. ಹಳೇ ಸಿಲ್ ಕತ್ತರಿಸದೆ ಅದರ ಮೇಲೆಯೇ ತೆಳು ತಗಡಿನ ಕವರ್ ಸಿಲ್ ಹೊದಿಸಿ ಅಂಚು ಬೆಸೆದುಬಿಡುತ್ತಾರೆ. ಹೊರಗೆ ನುಣುಪು, ಒಳಗೆ ಪುಡಿ. ಪತ್ತೆ ಹಚ್ಚುವುದು ಕಷ್ಟವೇನಲ್ಲ. ಅಸಲಿ ಸಿಲ್ ಬಾಗಿಲಿನ ಉದ್ದಕ್ಕೆ ನಿಲ್ಲುವುದಿಲ್ಲ. ಮುಂದಿನ ವಿಂಗ್ ಕೆಳಗೂ ಹಿಂದಿನ ವಿಂಗ್ ಕೆಳಗೂ ನುಗ್ಗಿ ಹೋಗುತ್ತದೆ. ಸರಿಯಾಗಿ ಹಾಕಬೇಕಾದರೆ ಮುಂದಿನ ವಿಂಗ್ ಕಳಚಬೇಕು (ಅದು ಬೋಲ್ಟ್‌ನದ್ದು), ಹಿಂದಿನ ವಿಂಗ್‌ನ ಕೆಳಮೂಲೆ ಕತ್ತರಿಸಿ ಮತ್ತೆ ಬೆಸೆಯಬೇಕು. ಆದ್ದರಿಂದ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ‘ಸಿಲ್ ಬಿಚ್ಚಿದಾಗಿನ ಫೋಟೋ ಇದೆಯಾ?’ ಆ ಫೋಟೋದಲ್ಲಿ ಮೂರು ಸಂಗತಿ ಕಾಣಬೇಕು. ವಿಂಗ್ ಕಳಚಿರಬೇಕು, ಹೊಸ ಮೆಂಬ್ರೇನ್ ಬರಿಗಣ್ಣಿಗೆ ಕಾಣಬೇಕು, ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಸರಳು ಬೆಸೆದಿರಬೇಕು. ಈ ಸರಳು ಬಹಳ ಮುಖ್ಯ. ಅದಿಲ್ಲದೆ ಸಿಲ್ ಕತ್ತರಿಸಿದರೆ ಗಾಡಿ ನಡು ಮುರಿದವರಂತೆ ಜೋತುಬೀಳುತ್ತದೆ; ಹೊಸ ಸಿಲ್ ಆ ಜೋತನ್ನೇ ಶಾಶ್ವತ ಮಾಡುತ್ತದೆ. ನೂರು ಫೋಟೋ ತೆಗೆದವರು ಈ ಹಂತದ ಒಂದೂ ತೆಗೆದಿಲ್ಲವೆಂದರೆ ಅದೂ ಒಂದು ಉತ್ತರವೇ.

ಫೋಟೋ ಇರಲಿ ಬಿಡಲಿ, ಬಾಗಿಲಿನ ಸಂದು ಸುಳ್ಳು ಹೇಳುವುದಿಲ್ಲ. ಬಾಗಿಲು ಮುಚ್ಚಿ ಅದರ ಹಿಂಬದಿಯ ಸಂದನ್ನು ಮೇಲಿಂದ ಕೆಳಗಿನವರೆಗೆ ನೋಡಿ. ಒಂದೇ ಅಗಲವಿದ್ದರೆ ಒಳ್ಳೆಯದು. ಮೇಲೆ ಇಕ್ಕಟ್ಟಾಗಿ ಕೆಳಗೆ ಅಗಲವಾಗಿದ್ದರೆ ನಡು ಕುಸಿದಿದೆ. ಆಮೇಲೆ ಗಾಡಿಯದೇ ಜಾಕಿಂಗ್ ಪಾಯಿಂಟ್‌ಗೆ ಜಾಕ್ ಕೊಟ್ಟು ಆ ಬದಿಯನ್ನು ಎತ್ತಿಸಿ, ಬಾಗಿಲು ತೆರೆದು ಮುಚ್ಚಿ ನೋಡಿ. ಗಟ್ಟಿ ಬಾಡಿಯಲ್ಲಿ ಸಂದು ಹೆಚ್ಚುಕಡಿಮೆ ಕದಲುವುದಿಲ್ಲ. ಬಾಗಿಲು ಉಜ್ಜಿಕೊಂಡರೆ ಅಥವಾ ಲಾಕ್ ಹಿಡಿಯದಿದ್ದರೆ ಬೆಲೆ ಚೌಕಾಸಿ ಬೇಡ, ವಾಪಸ್ ಬನ್ನಿ. ಜಾಕ್ ಕೊಡಲೇ ಮಾರುವವರು ಹಿಂಜರಿದರೂ ಅಷ್ಟೇ.

ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಟಾರ್ಚ್, ಹಳೇ ಚಾಪೆ, ಜೊತೆಗೆ ಸಿಕ್ಕರೆ ಬಣ್ಣದ ದಪ್ಪ ಅಳೆಯುವ ಮೀಟರ್ ಇರಲಿ. ಕಾರ್ಖಾನೆಯ ಬಣ್ಣ ಸುಮಾರು 100ರಿಂದ 150 ಮೈಕ್ರಾನ್. ಚೆನ್ನಾಗಿ ಮರುಬಣ್ಣ ಹೊಡೆದರೆ 200–300. ಮೀಟರ್ 1000 ದಾಟಿತೆಂದರೆ ಕೆಳಗೆ ಪುಟ್ಟಿ; ಅಲ್ಲಿ ಅಯಸ್ಕಾಂತವೂ ಸರಿಯಾಗಿ ಹಿಡಿಯದು. ಅಯಸ್ಕಾಂತ ಬಾನೆಟ್‌ಗೆ ಅಂಟಲಿಲ್ಲವೆಂದು ಗಾಬರಿಯಾಗಬೇಡಿ, ಅರವತ್ತರ ದಶಕದ ಎಂಜಿಬಿಯ ಬಾನೆಟ್ ಅಲ್ಯೂಮಿನಿಯಂ. ಹಿಂದಿನ ಲೀಫ್ ಸ್ಪ್ರಿಂಗ್‌ನ ಮುಂಕೊನೆ ಬಾಡಿಗೆ ಸೇರುವ ಜಾಗ, ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆ, ಡಿಕ್ಕಿಯ ನೆಲ, ಅದರಡಿ ತೂಗುವ ಪೆಟ್ರೋಲ್ ಟ್ಯಾಂಕ್‌ನ ಮೇಲ್ಮೈ, ಇವನ್ನೆಲ್ಲ ಟಾರ್ಚ್ ಬೆಳಕು ಹಾಯಿಸಿ ನೋಡಬೇಕು. ಟ್ಯಾಂಕ್‌ಗೂ ಡಿಕ್ಕಿಯ ನೆಲಕ್ಕೂ ನಡುವೆ ಕೆಸರು ಕೂತು ಟ್ಯಾಂಕ್ ಮೇಲಿನಿಂದ ಕೊರೆಯುವುದರಿಂದ, ಫುಲ್ ಟ್ಯಾಂಕ್ ಹಾಕಿಸಿದಾಗ ಮಾತ್ರ ಪೆಟ್ರೋಲ್ ವಾಸನೆ ಬರುತ್ತದೆ. ಅಡಿಭಾಗಕ್ಕೆಲ್ಲ ದಪ್ಪನೆಯ ಕರಿ ಅಂಡರ್‌ಸೀಲ್ ಈಗಷ್ಟೇ ಬಳಿದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಥಪ್ ಎನ್ನುತ್ತದೆ.

ಇಡೀ ಬಾಡಿಯೇ ಹೊಸದು ಎಂದರೆ? ಅದೂ ಸಾಧ್ಯ. ಬ್ರಿಟಿಷ್ ಮೋಟರ್ ಹೆರಿಟೇಜ್ 1988ರಿಂದ ಮೂಲ ಅಚ್ಚುಗಳಲ್ಲೇ ಎಂಜಿಬಿಯ ಹೊಸ ಬಾಡಿ ತಯಾರಿಸಿ ಮಾರುತ್ತಿದೆ. ಹೆರಿಟೇಜ್ ಬಾಡಿಯ ಮೇಲೆ ಕಟ್ಟಿದ ಗಾಡಿ ‘ಅಸಲಿ’ ಅಲ್ಲವೆಂದು ಮೂಗು ಮುರಿಯುವವರಿದ್ದಾರೆ. ಓಡಿಸಲು ಕೊಳ್ಳುವವರಿಗೆ ಹತ್ತು ಸಲ ತೇಪೆ ಹಾಕಿದ ಅಸಲಿಗಿಂತ ಅದೇ ಮೇಲು. ಬಾಡಿ ಕೊಂಡ ರಸೀದಿ ಮಾತ್ರ ಕೈಗೆ ಬರಬೇಕು. ಹಳೇ ನೋಂದಣಿ ಸಂಖ್ಯೆ ಉಳಿಸಿಕೊಳ್ಳಲು ಮೂಲದ ಮಾದರಿಯದೇ ಹೊಸ ಬಾಡಿ ಎಂದು ರಸೀದಿ ತೋರಿಸಬೇಕೆಂಬುದು 2025ರವರೆಗೆ ಅಲ್ಲಿನ ನೋಂದಣಿ ಇಲಾಖೆ ಡಿವಿಎಲ್‌ಎ ನಿಯಮವಾಗಿತ್ತು.

ಕಾಗದಪತ್ರದ ವಿಷಯಕ್ಕೆ ಬಂದದ್ದರಿಂದ ಇನ್ನೊಂದೆರಡು ಮಾತು. ಚಾಸಿಸ್ ನಂಬರ್ ಜಿಎಚ್‌ಎನ್3 ಎಂದು ಶುರುವಾದರೆ ಅದು 1962–67ರ ರೋಡ್‌ಸ್ಟರ್. ಜಿಎಚ್‌ಡಿ ಎಂದಿದ್ದರೆ ಮುಚ್ಚುಮಾಡಿನ ಜಿಟಿ. 3ರ ನಂತರ ಎಲ್ ಅಕ್ಷರವಿದ್ದರೆ ಎಡ ಸ್ಟಿಯರಿಂಗ್‌ನದಾಗಿ ಹುಟ್ಟಿದ್ದು; ಈಗ ಬಲಕ್ಕಿದ್ದರೆ ಆಮೇಲೆ ತಿರುಗಿಸಿದ್ದಾರೆ. ಅದು ದೋಷವಲ್ಲ, ಕ್ಯಾಲಿಫೋರ್ನಿಯಾದ ಒಣ ಹವೆಯಿಂದ ಮರಳಿದ ಬಾಡಿ ಎಷ್ಟೋ ಸಲ ಊರಲ್ಲೇ ಉಳಿದದ್ದಕ್ಕಿಂತ ಗಟ್ಟಿ. ಆದರೆ ಹೇಳಿ ಮಾರಬೇಕು. ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕೊಡುವ ಹೆರಿಟೇಜ್ ಸರ್ಟಿಫಿಕೇಟ್‌ನಲ್ಲಿ ಗಾಡಿ ತಯಾರಾದ ದಿನ, ಮೂಲ ಬಣ್ಣ, ಹೋದ ದೇಶ ಸಿಗುತ್ತವೆ. 40 ವರ್ಷ ದಾಟಿದ, ದೊಡ್ಡ ಮಾರ್ಪಾಟಾಗದ ಗಾಡಿಗೆ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ, ಆದರೂ ಸ್ವಇಚ್ಛೆಯಿಂದ ಮಾಡಿಸಬಹುದು. ಮಾರುವ ಮುನ್ನ ಮಾಡಿಸಿಕೊಡಿ ಎಂದು ಕೇಳಿ. ಹಿಂದಿನ ಎಂಒಟಿಗಳ ದಾಖಲೆ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು.

ಇನ್ನು ಎಂಜಿನ್. ನೀವು ಹೋಗುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿಡಿ. ಬಾನೆಟ್ ಮುಟ್ಟಿದಾಗ ತಣ್ಣಗಿರಬೇಕು. ಕೀ ತಿರುಗಿಸಿದಾಗ ಹಿಂದಿನಿಂದ ಎಸ್‌ಯು ಪೆಟ್ರೋಲ್ ಪಂಪ್ ಟಕಟಕ ಎಂದು ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ನಿಲ್ಲದೆ ಬಡಿದುಕೊಳ್ಳುತ್ತಿದ್ದರೆ ಎಲ್ಲೋ ಸೋರಿಕೆ, ಇಲ್ಲವೇ ಗಾಳಿ ಎಳೆಯುತ್ತಿದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಓಟದಲ್ಲಿ 50–80 ಪಿಎಸ್‌ಐ, ಐಡಲ್‌ನಲ್ಲಿ 10–25 ಇರಬೇಕು. 20ಡಬ್ಲ್ಯು-50 ಆಯಿಲ್ ಹಾಕಿಯೂ ಇಷ್ಟು ಬರದಿದ್ದರೆ ಬೇರಿಂಗ್ ಸವೆದಿವೆ. ಸಿಲಿಂಡರ್ ಹೆಡ್ ರಸೀದಿಯಲ್ಲಿ ಗಟ್ಟಿಮಾಡಿದ ಎಕ್ಸಾಸ್ಟ್ ವಾಲ್ವ್ ಸೀಟ್ ಹಾಕಿದ ಉಲ್ಲೇಖವಿದೆಯೇ ನೋಡಿ. ಸೀಸ ಬೆರೆತ ಪೆಟ್ರೋಲ್ ನಿಂತ ಮೇಲೆ ಹಳೇ ಸೀಟು ಸವೆದು ವಾಲ್ವ್ ಒಳಕ್ಕೆ ಇಳಿಯುತ್ತದೆ; 0.015 ಇಂಚು ಇಟ್ಟ ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಸಂದು) ಮತ್ತೆಮತ್ತೆ ಮುಚ್ಚಿಕೊಳ್ಳುತ್ತದೆ. 2021ರಿಂದ ಅಲ್ಲಿನ ಮಾಮೂಲು ಪೆಟ್ರೋಲ್ ಇ10. ಅದರ ಎಥನಾಲ್ ಹಳೇ ರಬ್ಬರ್ ಹೋಸ್ ತಿನ್ನುತ್ತದೆ. ಇ5 ಸೂಪರ್ ಹಾಕುವುದು, ಹೋಸ್‌ಗಳನ್ನು ಎಥನಾಲ್ ತಡೆಯುವ ನಮೂನೆಗೆ ಬದಲಿಸುವುದು ಒಳ್ಳೆಯದು.

ಓಡಿಸಿ ನೋಡುವಾಗ 1966ರ ಗಾಡಿಯ ಫಸ್ಟ್ ಗೇರ್‌ಗೆ ಸಿಂಕ್ರೋ (ಓಟದಲ್ಲೂ ಗೇರ್ ಸರಾಗ ಕೂರಿಸುವ ವ್ಯವಸ್ಥೆ) ಇಲ್ಲ ಎಂಬುದು ನೆನಪಿರಲಿ. ಪೂರ್ತಿ ನಿಲ್ಲಿಸಿಯೇ ಹಾಕಬೇಕು. ಸೆಕೆಂಡ್ ಗೇರ್ ಕರ್ರೆಂದರೆ ಮಾತ್ರ ಸವಕಳಿ. ಓವರ್‌ಡ್ರೈವ್ (ಎಂಜಿನ್ ವೇಗ ತಗ್ಗಿಸುವ ಹೆಚ್ಚುವರಿ ಗೇರ್) ಮೂರು ಮತ್ತು ನಾಲ್ಕನೇ ಗೇರ್‌ನಲ್ಲಿ ಹಿಡಿಯಬೇಕು: ಗಂಟೆಗೆ 70 ಮೈಲಿಯಲ್ಲಿ 3900ರ ಸುಮಾರಿಗಿದ್ದ ಆರ್‌ಪಿಎಂ 3100ರ ಹತ್ತಿರಕ್ಕೆ ಇಳಿಯುತ್ತದೆ. ಕ್ಲಚ್ ಹಿಡಿತ ಚೆನ್ನಾಗಿ ಪರೀಕ್ಷಿಸಿ, ಕ್ಲಚ್ ಪ್ಲೇಟ್ ಒಂದನ್ನು ಬದಲಿಸಲೂ ಎಂಜಿನ್ ಕೆಳಗಿಳಿಸಬೇಕು. ಇದರ ರಿಲೀಸ್ ಬೇರಿಂಗ್ ಗ್ರಾಫೈಟ್‌ನದ್ದು. ಸಿಗ್ನಲ್‌ನಲ್ಲಿ ಕ್ಲಚ್ ತುಳಿದುಕೊಂಡೇ ನಿಂತರೆ ಬೇಗ ಸವೆಯುತ್ತದೆ.

ವೈರ್ ವೀಲ್ (ಕಡ್ಡಿಗಳ ಚಕ್ರ) ಕಣ್ಣಿಗೆ ಹಬ್ಬ, ಕೈಗೆ ಕೆಲಸ. ಚಕ್ರ ಎತ್ತಿ, ಒಬ್ಬರು ಬ್ರೇಕ್ ತುಳಿದಿರಲಿ, ಇನ್ನೊಬ್ಬರು ಚಕ್ರವನ್ನು ಹಿಂದೆ ಮುಂದೆ ತಿರುವಲಿ. ‘ಟಿಕ್’ ಎಂದು ಸ್ವಲ್ಪ ತಿರುಗಿದರೂ ಚಕ್ರ ಕೂರುವ ಹಬ್‌ನ ಹಲ್ಲುಗಳು ಸವೆದಿವೆ. ಚಕ್ರ ಬಿಚ್ಚಿ ನೋಡಿ: ಹಲ್ಲಿನ ತುದಿ ಚಪ್ಪಟೆ ಇರಬೇಕು, ಗರಗಸದಂತೆ ಚೂಪಾಗಿದ್ದರೆ ಹಬ್ ಮತ್ತು ಚಕ್ರ ಎರಡನ್ನೂ ಬದಲಿಸಬೇಕು. ಸವೆದ ಹಬ್‌ಗೆ ಹೊಸ ಚಕ್ರ ಹಾಕಿದರೆ ಹೊಸದೂ ಸವೆಯುತ್ತದೆ. ಮುಂದಿನ ಕಿಂಗ್‌ಪಿನ್‌ಗಳಿಗೆ (ಸ್ಟಿಯರಿಂಗ್ ತಿರುಗಿಸಿದಾಗ ಮುಂಚಕ್ರ ಹೊರಳುವ ಗೂಟ) ಎರಡೂ ಬದಿ ಸೇರಿ ಆರು ಗ್ರೀಸ್ ನಿಪ್ಪಲ್. 3000 ಮೈಲಿಗೊಮ್ಮೆ ಗ್ರೀಸ್ ಹೊಡೆಯಬೇಕು. ನಿಪ್ಪಲ್ ಮೇಲೂ ಬಣ್ಣ ಕೂತಿದ್ದರೆ ರಿಸ್ಟೋರೇಶನ್ ಆದಮೇಲೆ ಒಮ್ಮೆಯೂ ಗ್ರೀಸ್ ಕಂಡಿಲ್ಲ.

1967ರವರೆಗಿನ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಅರ್ತ್. ಆಲ್ಟರ್ನೇಟರ್ ಹಾಕಿ ನೆಗೆಟಿವ್‌ಗೆ ಬದಲಿಸಿದ್ದಾರೆಯೇ ಕೇಳಿ. ಕೇಳದೆ ಫೋನ್ ಚಾರ್ಜರ್ ಚುಚ್ಚಿದರೆ ಸುಟ್ಟುಹೋದೀತು.

ಕೊನೆಗೆ ಹುಡ್ (ಮಡಚುವ ಮೇಲ್ಹೊದಿಕೆ) ಪೂರ್ತಿ ಏರಿಸಿ ತೋರಿಸಲು ಹೇಳಿ. ಪಟ್ಟಿಗಳು ಎಳೆದು ಸೇರುತ್ತವೆಯೇ, ಹಿಂದಿನ ಪಾರದರ್ಶಕ ಕಿಟಕಿ ಬಿರಿದಿದೆಯೇ ನೋಡಿ. ಗಾಡಿ ನಿಮ್ಮದಾದ ಮೇಲೆ ಒದ್ದೆ ಹುಡ್ಡನ್ನು ಮಡಚಬೇಡಿ. ಚಳಿಯಲ್ಲಿ ಮಡಚಲೇಬೇಕಾದರೆ ಹೀಟರ್ ಹಾಕಿ ಹತ್ತು ನಿಮಿಷ ಒಳಗನ್ನು ಬೆಚ್ಚಗಾಗಲು ಬಿಡಿ. ಸೆಟೆದ ಪ್ಲಾಸ್ಟಿಕ್ ಮಡಿಕೆಯಲ್ಲೇ ಒಡೆಯುತ್ತದೆ.