ಸಿಕ್ಕ ಮೇಲೆ ಆತುರ ಬೇಡ

ಬೆಟ್ಟದಲ್ಲಿ ದಾರಿ ತಪ್ಪಿದವರು ಸಿಕ್ಕಿಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಚಳಿಯಲ್ಲಿ ಗಂಟೆಗಟ್ಟಲೆ ಬಿದ್ದವರ ವಿಷಯದಲ್ಲಿ ನಾಜೂಕಾದ ಕೆಲಸ ಶುರುವಾಗುವುದೇ ಆಮೇಲೆ.

ಬ್ರಿಟನ್ನಿನ ಬೆಟ್ಟಗಳಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ಸ್ವಯಂಸೇವಕರು. ಬೇರೆ ಉದ್ಯೋಗ ಇರುವವರು. ಪೊಲೀಸರಿಂದ ಕರೆ ಬಂದರೆ ನಡುರಾತ್ರಿಯಾದರೂ ಎದ್ದು ಹೊರಡುತ್ತಾರೆ. ಕಾಪಾಡಿದ್ದಕ್ಕೆ ಹಣ ಕೇಳುವುದಿಲ್ಲ. ಇವರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಇವರ ತಾಳ್ಮೆ.

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಇದಕ್ಕೆ ಹಿಮವೇ ಬೀಳಬೇಕು ಅಂತಿಲ್ಲ. ಮಳೆ, ಗಾಳಿ, ದಣಿವು ಸೇರಿದರೆ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ನೆನೆದ ಬಟ್ಟೆಯಲ್ಲಿ ಮೈ ಬೇಗ ತಣ್ಣಗಾಗುತ್ತದೆ. ಮೊದಲು ನಡುಕ ಬರುತ್ತದೆ. ಸ್ನಾಯುಗಳು ಅದುರಿ ಶಾಖ ಹುಟ್ಟಿಸುವ ಉಪಾಯ ಅದು. ಆಮೇಲೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಚಳಿಯಲ್ಲೇ ಇದ್ದು ನಡುಕ ನಿಂತರೆ ಅದು ಒಳ್ಳೆಯ ಲಕ್ಷಣ ಅಲ್ಲವೇ ಅಲ್ಲ. ದೇಹ ಸೋಲುತ್ತಿದೆ ಎಂದೇ ಅರ್ಥ.

28 ಡಿಗ್ರಿಗಿಂತ ಕೆಳಗೆ ಹೃದಯ ತೀರಾ ಸೂಕ್ಷ್ಮವಾಗುತ್ತದೆ. ಒರಟಾಗಿ ಎತ್ತಿದರೂ ಅದರ ಲಯ ತಪ್ಪಬಹುದು. ಆಗ ಅದು ಸುಮ್ನೆ ಅದುರುತ್ತದೆಯೇ ಹೊರತು ರಕ್ತವನ್ನು ತಳ್ಳುವುದಿಲ್ಲ. ಅದಕ್ಕೇ ತಂಡದವರು ಆದಷ್ಟೂ ಮಲಗಿಸಿಯೇ ಇಟ್ಟು, ಮೆಲ್ಲಗೆ ಎತ್ತುತ್ತಾರೆ. ಕೈಕಾಲು ತಿಕ್ಕುವುದಿಲ್ಲ. ಮದ್ಯ ಕುಡಿಸುವುದಿಲ್ಲ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಇದ್ದ ಶಾಖವನ್ನೂ ಕಳೆಯುತ್ತದೆ. ಮೇಲೆ ಹೊದಿಸಿದರಷ್ಟೇ ಸಾಲದು, ಬೆನ್ನಿನ ಕೆಳಗೂ ಮ್ಯಾಟ್ ಬೇಕು. ತಣ್ಣನೆ ನೆಲ ಸದ್ದಿಲ್ಲದೆ ಶಾಖ ಎಳೆಯುತ್ತಿರುತ್ತದೆ.

ಆದರೆ ಚಳಿ ಕೊಲ್ಲುವುದರ ಜೊತೆಗೆ ಕಾಯುವುದೂ ಉಂಟು! 1999ರ ಮೇ ತಿಂಗಳಲ್ಲಿ ನಾರ್ವೆಯ ನಾರ್ವಿಕ್ ಬಳಿ ಸ್ಕೀಯಿಂಗ್ ಮಾಡುತ್ತಿದ್ದ ಅನ್ನಾ ಬೋಗೆನ್‌ಹೋಮ್ ಎಂಬ ಸ್ವೀಡನ್ನಿನ ವೈದ್ಯೆ ತೊರೆಯ ಮಂಜುಗಡ್ಡೆಯಡಿ ಸಿಲುಕಿದರು. ಹೊರಗೆ ತೆಗೆಯುವಷ್ಟರಲ್ಲಿ 80 ನಿಮಿಷ ಕಳೆದಿತ್ತು, ಹೃದಯ ನಿಂತಿತ್ತು. ಅವರ ದೇಹದ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು. ಟ್ರೋಮ್ಸೋ ಆಸ್ಪತ್ರೆ ಮುಟ್ಟುವವರೆಗೂ ಎದೆ ಒತ್ತುವುದನ್ನು ಬಿಡಲಿಲ್ಲ. ಅಲ್ಲಿ ಯಂತ್ರದಿಂದ ರಕ್ತವನ್ನು ಬೆಚ್ಚಗೆ ಮಾಡಿದರು. ಅವರು ಬದುಕಿದರು, ಮುಂದೆ ಅದೇ ಆಸ್ಪತ್ರೆಯಲ್ಲಿ ವೈದ್ಯರಾಗಿ ಕೆಲಸ ಮಾಡಿದರು. ಹೃದಯ ನಿಲ್ಲುವ ಮೊದಲೇ ಮಿದುಳು ಚೆನ್ನಾಗಿ ತಣ್ಣಗಾಗಿದ್ದರೆ ಅದಕ್ಕೆ ಬೇಕಾಗುವ ಆಮ್ಲಜನಕ ತೀರಾ ಕಡಿಮೆ. ಗುಟ್ಟು ಇರುವುದು ಇಲ್ಲೇ.

ಬೆಚ್ಚಗೆ ಮಾಡಿದ ಮೇಲೂ ಜೀವ ಬಾರದಿದ್ದರೆ ಮಾತ್ರ ಸತ್ತಂತೆ ಎಂಬ ಮಾತು ರಕ್ಷಣಾ ತಂಡಗಳಲ್ಲಿ ಬಳಕೆಯಲ್ಲಿದೆ. ಆದರೆ ಕಡಿದಾದ ಇಳಿಜಾರಿನಲ್ಲಿ ಸ್ಟ್ರೆಚರ್ ಹೊತ್ತುಕೊಂಡೇ ಎದೆ ಒತ್ತುವುದು ಹೇಗೆ? ಇದಕ್ಕೂ ಒಂದು ದಾರಿ ಇದೆ. ಯುರೋಪಿನ ಮಾರ್ಗಸೂಚಿಯ ಪ್ರಕಾರ, 28ಕ್ಕಿಂತ ಕೆಳಗಿಳಿದು ಹೃದಯ ನಿಂತವರಿಗೆ ಬಿಡದೆ ಎದೆ ಒತ್ತಲು ಆಗದಿದ್ದರೆ 5 ನಿಮಿಷ ಒತ್ತಿ, ಹೆಚ್ಚೆಂದರೆ 5 ನಿಮಿಷ ನಡೆದು, ಮತ್ತೆ ನಿಂತು ಒತ್ತಬಹುದು. ಹೀಗೆ ಗಂಟೆಗಟ್ಟಲೆ ಸಾಗಬೇಕಾಗಬಹುದು. ಒತ್ತುವವರೂ ಹೊರುವವರೂ ಸರದಿ ಬದಲಿಸುತ್ತಲೇ ಇರಬೇಕು. ಒಬ್ಬರನ್ನು ಇಳಿಸಿ ತರಲು ಅಷ್ಟೊಂದು ಜನ ಬೆಟ್ಟ ಹತ್ತುವುದು ಇದಕ್ಕೇ.