ನಮ್ಮಜ್ಜ ಇಟಲಿಯ ಯಾವ ಯಾವ ಊರು ದಾಟಿದರು ಅಂತ ತಿಳಿಯೋದು ಹೇಗೆ?

ಪ್ರಶ್ನೆ: ನಮ್ಮ ಅಜ್ಜ ಎರಡನೇ ಮಹಾಯುದ್ಧದ ಹೊತ್ತಿಗೆ ಮರಾಠಾ ಪಲ್ಟನ್ನಿನಲ್ಲಿ ಸಿಪಾಯಿ ಆಗಿದ್ದರು. ಇಟಲಿಗೆ ಹೋಗಿ ಬಂದವರು ಅಂತ ಮನೆಯಲ್ಲಿ ಹೇಳುತ್ತಾರೆ. ಒಂದೆರಡು ಪದಕ ಬಿಟ್ಟರೆ ಬೇರೇನೂ ಉಳಿದಿಲ್ಲ. ಅವರು ಅಲ್ಲಿ ಯಾವ ಊರುಗಳಲ್ಲಿ ಇದ್ದರು ಅಂತ ಈಗ ತಿಳಿಯಬಹುದಾ?

ಉತ್ತರ: ಬಹುಮಟ್ಟಿಗೆ ತಿಳಿಯಬಹುದು. ಆದರೆ ಅಜ್ಜನ ಹೆಸರು ಹಿಡಿದು ಹುಡುಕಿದರೆ ಸಿಗೋದು ಕಷ್ಟ. ಪಲ್ಟನ್ ಹಿಡಿದು ಹುಡುಕಬೇಕು. ಒಬ್ಬ ಸಿಪಾಯಿ ಇವತ್ತು ಎಲ್ಲಿದ್ದ, ನಾಳೆ ಎಲ್ಲಿಗೆ ಹೋದ ಅಂತ ಯಾರೂ ಬರೆದಿಡುತ್ತಿರಲಿಲ್ಲ. ಪಲ್ಟನ್ ಎಲ್ಲಿತ್ತು ಅನ್ನುವುದನ್ನು ಮಾತ್ರ ವಾರ್ ಡೈರಿಯಲ್ಲಿ ದಿನಾ ಬರೆಯುತ್ತಿದ್ದರು.

ಮನೆಗೆ ಬಂದ ಹಳೇ ಕಾಗದಗಳಲ್ಲಿ ಊರ ಹೆಸರು ಇರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಊರಿನ ಹೆಸರು ಬರೆಯುವ ಹಾಗೇ ಇರಲಿಲ್ಲ. ಬರೆದರೆ ಸೆನ್ಸಾರ್‌ನವರು ಅಳಿಸುತ್ತಿದ್ದರು. ವಿಳಾಸದ ಜಾಗದಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ (ಸೇನೆಯ ಅಂಚೆ ಕಚೇರಿಯ) ನಂಬರ್ ಅಷ್ಟೇ ಇರುತ್ತಿತ್ತು. ಎಷ್ಟೋ ಮನೆಗಳಲ್ಲಿ ಅಜ್ಜಿಗೆ 'ಇಟಲಿ' ಅನ್ನುವ ಒಂದೇ ಮಾತು ಗೊತ್ತಿತ್ತು ಅಂದರೆ, ಅದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಶುರು ಮಾಡೋದು ಆ ಪದಕದಿಂದಲೇ. ಆರು ಮೂಲೆಯ ಕಂಚಿನ ನಕ್ಷತ್ರ ಇದ್ದು, ಅದರ ಪಟ್ಟಿ ಕೆಂಪು, ಬಿಳಿ, ಹಸಿರು, ಮತ್ತೆ ಬಿಳಿ, ಕೆಂಪು ಇದ್ದರೆ ಅದೇ ಇಟಲಿ ಸ್ಟಾರ್. ಇಟಲಿ ಬಾವುಟದ ಬಣ್ಣಗಳು. ತಿರುಗಿಸಿ ನೋಡಿ. ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳ ಮೇಲೆ ಸಾಮಾನ್ಯವಾಗಿ ನಂಬರ್, ಹೆಸರು, ರೆಜಿಮೆಂಟು ಕೊರೆದಿರುತ್ತಾರೆ. ಸವೆದಿದ್ದರೂ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಇರುವ ಅಕ್ಷರವೂ ಹೋದೀತು.

ರೆಜಿಮೆಂಟು ಗೊತ್ತಾದ ಮೇಲೆ ಅದರೊಳಗಿನ ಪಲ್ಟನ್ನಿನ, ಅಂದರೆ ಬೆಟಾಲಿಯನ್ನಿನ, ಅಂಕಿ ಬೇಕು. ಎಲ್ಲರೂ ಎಡವೋದು ಇಲ್ಲೇ. ಹಳೇ ಕಾಗದಪತ್ರಗಳಲ್ಲಿ 1/5, 3/5 ಅಂತ ಇರುತ್ತದೆ. ಅದು ಭಿನ್ನರಾಶಿ ಅಲ್ಲ. ಆಗ ಮರಾಠಾ ಲೈಟ್ ಇನ್‌ಫಂಟ್ರಿ 5ನೇ ರೆಜಿಮೆಂಟು. ಗೆರೆಯ ಮುಂಚಿನ ಅಂಕಿ ಪಲ್ಟನ್ನಿನದು. ಇಟಲಿಯಲ್ಲಿ 1/5 ಕೂಡ ಇತ್ತು, 3/5 ಕೂಡ ಇತ್ತು. ಆದರೆ ಎರಡೂ ಬೇರೆ ಬೇರೆ ಡಿವಿಷನ್ನಿನಲ್ಲಿ (ಹಲವು ಪಲ್ಟನ್ ಸೇರಿದ ದೊಡ್ಡ ಪಡೆ) ಇದ್ದವು, ಬೇರೆ ಬೇರೆ ದಾರಿ ಹಿಡಿದವು. ಒಂದು ಅಂಕಿ ತಪ್ಪಿದರೆ ಅಜ್ಜ ಕಾಣದ ನದಿಯನ್ನು ನೀವು ಅವರಿಂದ ದಾಟಿಸಿಬಿಡುತ್ತೀರಿ. ಮನೆಯಲ್ಲಿ ಯಾರಾದರೂ 'ಜಂಗಿ ಪಲ್ಟನ್' ಅಂತ ಹೇಳಿದ ನೆನಪಿದ್ದರೆ ಅದು 1/5.

ಈ 1/5 ಇದ್ದದ್ದು 8ನೇ ಭಾರತೀಯ ಡಿವಿಷನ್ನಿನಲ್ಲಿ. 1943ರ ಸೆಪ್ಟೆಂಬರಿನಲ್ಲಿ ಈ ಡಿವಿಷನ್, ಬೂಟಿನ ಆಕಾರದ ಇಟಲಿಯ ಹಿಮ್ಮಡಿ ಹತ್ತಿರದ ತರಾಂತೊ ಬಂದರಿನಲ್ಲಿ ಇಳಿಯಿತು. ಅಲ್ಲಿಂದ ಪೂರ್ವ ಕರಾವಳಿ ಹಿಡಿದು ಉತ್ತರಕ್ಕೆ ಹೊರಟಿತು. ದಾರಿ ಉದ್ದಕ್ಕೂ ನದಿಗಳು: ಬಿಫೆರ್ನೊ, ತ್ರಿನ್ಯೊ, ಸಾಂಗ್ರೊ. ಬೆಟ್ಟದಿಂದ ಸಮುದ್ರಕ್ಕೆ ಅಡ್ಡಡ್ಡ ಹರಿಯುವ ಹೊಳೆಗಳು. ಒಂದನ್ನು ದಾಟಿದರೆ ಇನ್ನೊಂದರ ಆಚೆ ದಡದಲ್ಲಿ ಜರ್ಮನರು ಕಾದಿರುತ್ತಿದ್ದರು. ನವೆಂಬರಿನ ಮಳೆಗೆ ಸಾಂಗ್ರೊ ಉಕ್ಕಿ, ಕಟ್ಟಿದ ಸೇತುವೆಗಳನ್ನೂ ಕೊಚ್ಚಿಕೊಂಡು ಹೋಯಿತು. ಇಟಲಿ ಅಂದರೆ ಬಿಸಿಲಿನ ದೇಶ ಅಂದುಕೊಂಡು ಹೋದವರಿಗೆ ಸಿಕ್ಕಿದ್ದು ಕೆಸರು.

1944ರ ಮೇ 11ರ ರಾತ್ರಿ ಇದೇ ಡಿವಿಷನ್ ಕಸ್ಸಿನೊ ಹತ್ತಿರ ಗಾರಿ ನದಿ ದಾಟಿತು. ಆಮೇಲೆ ಲಿರಿ ಕಣಿವೆ, ಅಸ್ಸಿಸಿ, ಫ್ಲಾರೆನ್ಸ್. ಫ್ಲಾರೆನ್ಸಿಗೆ ಮುಂಚೆ ಒಂದು ತಮಾಷೆ ನಡೆದಿದೆ. ಮೊಂತೆಗುಫೋನಿ ಅನ್ನುವ ಹಳೇ ಕೋಟೆಯಂಥ ಮನೆಯಲ್ಲಿ ಮರಾಠಾ ಸಿಪಾಯಿಗಳು ಬೀಡು ಬಿಟ್ಟಿದ್ದರು. ಫ್ಲಾರೆನ್ಸಿನ ಮ್ಯೂಸಿಯಂಗಳವರು ಬಾಂಬಿಗೆ ಹೆದರಿ ತಮ್ಮ ಚಿತ್ರಗಳನ್ನು ಸಾಗಿಸಿ ಬಚ್ಚಿಟ್ಟಿದ್ದು ಅಲ್ಲೇ. ಹೆಸರಾಂತ ಚಿತ್ರಕಾರ ಬೊತ್ತಿಚೆಲ್ಲಿಯ 'ಪ್ರಿಮವೆರಾ' ಕೂಡ ಅದರಲ್ಲಿತ್ತು. ಈಗ ಜನ ಟಿಕೆಟ್ ತಗೊಂಡು, ಕ್ಯೂ ನಿಂತು ನೋಡುವ ಚಿತ್ರಕ್ಕೆ ಆಗ ಮರಾಠಾ ಪಹರೆ. ನಿಮ್ಮಜ್ಜ 1/5ರಲ್ಲಿ ಇದ್ದಿದ್ದರೆ ಅದನ್ನು ಕಂಡೂ ಇರಬಹುದು, ಅಲ್ವಾ?

ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಡಿವಿಷನ್ ಪಶ್ಚಿಮ ಕಡೆಯ ಸೆರ್ಕಿಯೊ ಕಣಿವೆಗೆ ಬಂತು. ಮತ್ತೆ ಪೂರ್ವಕ್ಕೆ ಹೋಗಿ 1945ರ ಏಪ್ರಿಲ್ 9ರಂದು ಸೆನಿಯೊ ನದಿ ದಾಟಿತು. 1/5ರ ಸಿಪಾಯಿ ನಾಮದೇವ ಜಾಧವ್ ವಿಕ್ಟೋರಿಯಾ ಕ್ರಾಸ್ (ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ) ಗಳಿಸಿದ್ದು ಅಂದೇ. ಗಾಯಗೊಂಡವರನ್ನು ನದಿ ದಾಟಿಸಿ, ತಮ್ಮ ಕೈಗೆ ಗಾಯವಾದರೂ ಗ್ರೆನೇಡ್ ಎಸೆದು ಮಷೀನ್‌ಗನ್‌ಗಳನ್ನು ಸುಮ್ಮನಾಗಿಸಿದರು. ಮೇ 2ಕ್ಕೆ ಇಟಲಿಯಲ್ಲಿ ಯುದ್ಧ ಮುಗಿಯಿತು.

ಇನ್ನು 3/5 ಇದ್ದದ್ದು 10ನೇ ಭಾರತೀಯ ಡಿವಿಷನ್ನಿನಲ್ಲಿ. ಅದು ಇಟಲಿಗೆ ಬಂದದ್ದು 1944ರಲ್ಲಿ. ಅದರ ಮುಖ್ಯ ದಾರಿ ತೈಬರ್ ನದಿಯ ಮೇಲಿನ ಕಣಿವೆ: ಉಂಬರ್ತಿದೆ, ಮೊಂತೊನೆ, ಚಿತ್ತಾ ದಿ ಕಾಸ್ತೆಲ್ಲೊ, ಆಮೇಲೆ ಅರೆಜ್ಜೊ ಕಡೆಯ ಬೆಟ್ಟಗಳು, ಚಳಿಗಾಲಕ್ಕೆ ಫಾಯೆಂಜಾ. ಜುಲೈ 10ರಂದು ಈ ಕಣಿವೆಯಲ್ಲೇ ನಾಯಕ್ ಯಶವಂತ ಘಾಡ್ಗೆ ತಮ್ಮ ಸೆಕ್ಷನ್ನಿನವರೆಲ್ಲ (ತಮ್ಮ ಕೈಕೆಳಗಿನ ಸಣ್ಣ ತಂಡದವರು) ಬಿದ್ದ ಮೇಲೂ ಒಬ್ಬರೇ ಮಷೀನ್‌ಗನ್ ಮೇಲೆ ನುಗ್ಗಿ ಪ್ರಾಣ ಕೊಟ್ಟರು. ಅವರಿಗೂ ವಿಕ್ಟೋರಿಯಾ ಕ್ರಾಸ್. 2023ರಲ್ಲಿ ಮೊಂತೊನೆಯವರು ಅವರ ನೆನಪಿಗೆ ನೆರಳಿನಿಂದ ಹೊತ್ತು ತೋರಿಸುವ ಗಡಿಯಾರ ನಿಲ್ಲಿಸಿದ್ದಾರೆ. ಇಟಲಿಯಲ್ಲಿ ಗಳಿಸಿದ 20 ವಿಕ್ಟೋರಿಯಾ ಕ್ರಾಸ್‌ಗಳಲ್ಲಿ 6 ಭಾರತೀಯ ಸೇನೆಯವು. ಅದರಲ್ಲಿ ಎರಡು ಈ ಒಂದೇ ರೆಜಿಮೆಂಟಿಗೆ.

ಇದೇ ಪ್ರಶ್ನೆಯನ್ನು ಬೆಂಗಳೂರು ಕಡೆಯವರು ಕೇಳಿದರೆ ಉತ್ತರ ಬೇರೆ ಆಗುತ್ತದೆ. ಅವರ ಅಜ್ಜ ರಸ್ತೆ, ಸೇತುವೆ ಕಟ್ಟುವ ಸೈನಿಕರ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದಿರುವುದೇ ಜಾಸ್ತಿ. ಸ್ಯಾಪರ್ಸ್‌ನಲ್ಲಿ ಪಲ್ಟನ್ ಬದಲು ಕಂಪನಿ ನಂಬರ್ ಬೇಕು. 12ನೇ ಫೀಲ್ಡ್ ಕಂಪನಿ 4ನೇ ಭಾರತೀಯ ಡಿವಿಷನ್ ಜೊತೆ ಕಸ್ಸಿನೊದಲ್ಲಿತ್ತು. ಅಲ್ಲಿನ ಹಳೇ ಕ್ರೈಸ್ತ ಮಠದ ಹಿಂದಿನ ಬೆಟ್ಟಕ್ಕೆ ಟ್ಯಾಂಕ್ ಹತ್ತಿಸಲು ಬರೀ ಕಾಲುದಾರಿ ಇದ್ದ ಕಡೆ ರಸ್ತೆ ಕಡಿದವರಲ್ಲಿ ಇವರೂ ಇದ್ದರು. ಬೆಟ್ಟದ ಮೇಲಿನ ಬಯಲನ್ನು ಯುದ್ಧದ ನಕ್ಷೆಗಳಲ್ಲಿ 'ಮದ್ರಾಸ್ ಸರ್ಕಸ್' ಅಂತಲೇ ಕರೆದಿದ್ದಾರೆ.

ಪಲ್ಟನ್ ನಂಬರ್ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯಬೇಕು. ಮರಾಠಾದವರದು ಬೆಳಗಾವಿಯಲ್ಲಿ, ಸ್ಯಾಪರ್ಸ್‌ದು ಬೆಂಗಳೂರಿನಲ್ಲಿ. ಅಜ್ಜನ ಸರ್ವಿಸ್ ನಂಬರ್ ಇದ್ದರೆ ಕೆಲಸ ಸಲೀಸು. ಅದು ಪದಕದ ಮೇಲೆ ಇಲ್ಲದಿದ್ದರೆ ಡಿಸ್ಚಾರ್ಜ್ ಪುಸ್ತಕದಲ್ಲೋ ಪಿಂಚಣಿ ಕಾಗದದಲ್ಲೋ ಇರುತ್ತದೆ. ಟ್ರಂಕಿನ ತಳ ಒಮ್ಮೆ ನೋಡಿ. ಅಜ್ಜ ವಾಪಸ್ ಬರಲೇ ಇಲ್ಲ ಅನ್ನುವ ಮನೆಯವರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಬಹುದು. ಅಲ್ಲಿ ಸಮಾಧಿ ನಂಬರ್ ಕಾಣದಿದ್ದರೆ ಗಾಬರಿ ಬೇಡ. ಹೂಳದೆ ದಹನ ಮಾಡಲಾದ ಸೈನಿಕರ ಹೆಸರನ್ನು ಸಾಂಗ್ರೊ, ಫೊರ್ಲಿ, ರಿಮಿನಿ ಸ್ಮಶಾನಗಳ ಸ್ಮಾರಕಗಳಲ್ಲಿ ಕೆತ್ತಿದ್ದಾರೆ.

ಒಂದು ಮಾತು ಮಾತ್ರ ನೆನಪಿರಲಿ. ಪಲ್ಟನ್ನಿನ ದಾರಿಯೇ ಅಜ್ಜನ ದಾರಿ ಪೂರ್ತಿ ಅಂತಲ್ಲ. ಗಾಯವಾಗಿ, ಮಲೇರಿಯಾ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದವರಿದ್ದಾರೆ. ಅರ್ಧದಲ್ಲಿ ಬಂದು ಸೇರಿಕೊಂಡವರಿದ್ದಾರೆ. ಸರ್ವಿಸ್ ದಾಖಲೆಯ ತಾರೀಖುಗಳನ್ನು ಡೈರಿಯ ಪಕ್ಕದಲ್ಲಿಟ್ಟು ನೋಡಿದರೆ ಅದು ತಿಳಿಯುತ್ತದೆ.

ಹಾಗೇ, ಹುಡುಕುವಾಗ ಹೆಸರಿನ ಸ್ಪೆಲಿಂಗ್ ನಾಲ್ಕಾರು ಥರ ಹಾಕಿ ನೋಡಿ. ಗುಮಾಸ್ತ ಕೇಳಿಸಿಕೊಂಡ ಹಾಗೆ ಬರೆದಿರುತ್ತಾನೆ. ಬೆಳಗಾವಿ, ಧಾರವಾಡ, ವಿಜಯಪುರ ಆಗ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಹಾಗಾಗಿ ಅಜ್ಜನ ಊರನ್ನು ಕರ್ನಾಟಕ ಅಂತ ಹುಡುಕಬೇಡಿ, ಮುಂಬಯಿ ಅಂತ ಹುಡುಕಿ.