ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ ಇದ್ದರೂ ಈ ಕಿಣ್ವ ಕಣ್ಣಿನಲ್ಲಿ ಮಾತ್ರ ಏಕೆ?

ಪ್ರಶ್ನೆ: ದೇಹದ ಪ್ರತಿಯೊಂದು ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ ಎಂದು ಓದಿದ್ದೇನೆ. ಹಾಗಿದ್ದರೆ ಕೋಶದೊಳಗಿನ ಸಂಕೇತಗಳನ್ನು ನಿಭಾಯಿಸುವ ಒಂದು ಕಿಣ್ವ ಕಣ್ಣಿನಲ್ಲಿ ಮಾತ್ರ, ಇನ್ನೊಂದು ರಕ್ತನಾಳದಲ್ಲಿ ಮಾತ್ರ ಸಿಗುವುದು ಹೇಗೆ?

ಉತ್ತರ: ಪ್ರಶ್ನೆಯಲ್ಲಿ ಎರಡು ಸಲ ಬಂದಿರುವ ‘ಮಾತ್ರ’ ಎಂಬ ಪದದ ಬಗ್ಗೆ ನನಗೊಂದು ತಕರಾರಿದೆ. ಅದನ್ನು ಆಮೇಲೆ ನೋಡೋಣ. ಮೊದಲ ಭಾಗ ಬಹುಮಟ್ಟಿಗೆ ಸರಿ. (ಬಹುಮಟ್ಟಿಗೆ ಎಂದದ್ದೇಕೆಂದರೆ, ಸಸ್ತನಿಗಳ ಪಕ್ವ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವೇ ಇರುವುದಿಲ್ಲ.)

ವಂಶವಾಹಿ ಇದ್ದ ಮಾತ್ರಕ್ಕೆ ಕಿಣ್ವ ತಯಾರಾಗುವುದಿಲ್ಲ. ವಂಶವಾಹಿಯ ಆಸುಪಾಸಿನ ನಿರ್ದಿಷ್ಟ ಡಿಎನ್‌ಎ ತುಣುಕುಗಳ ಮೇಲೆ ತಕ್ಕ ನಿಯಂತ್ರಕ ಪ್ರೋಟೀನುಗಳು ಬಂದು ಕೂರಬೇಕು. ಆಗಷ್ಟೇ ಅದರ ಆರ್‌ಎನ್‌ಎ ಪ್ರತಿ ಸಿದ್ಧವಾಗುತ್ತದೆ, ಆ ಪ್ರತಿಯಿಂದ ಕಿಣ್ವ. ಪಿಡಿಇ6 ಎಂಬ ಕಿಣ್ವವನ್ನೇ ತೆಗೆದುಕೊಳ್ಳಿ. ಮಬ್ಬು ಬೆಳಕಿನಲ್ಲಿ ನೋಡಲು ನೆರವಾಗುವ ಕಡ್ಡಿಕೋಶಗಳಲ್ಲಿ ಅದರ ಒಂದು ಘಟಕದ ವಂಶವಾಹಿಯನ್ನು ಚಾಲೂ ಮಾಡುವುದು ಎನ್‌ಆರ್‌ಎಲ್ ಮತ್ತು ಸಿಆರ್‌ಎಕ್ಸ್ ಎಂಬ ಎರಡು ಪ್ರೋಟೀನುಗಳು. ಯಕೃತ್ತಿನ ಕೋಶದಲ್ಲಿ ಆ ಜೋಡಿ ಇಲ್ಲ. ವಂಶವಾಹಿ ಅಲ್ಲಿಯೂ ಇದೆ, ಆದರೆ ಸದ್ದಿಲ್ಲದೆ ಬಿದ್ದಿರುತ್ತದೆ.

ಇದಕ್ಕೆ ಇಲಿಯೊಂದು ಚೆನ್ನಾಗಿ ಸಾಕ್ಷಿ ಹೇಳುತ್ತದೆ. ಪ್ರಯೋಗಾಲಯಗಳಲ್ಲಿ ‘ಆರ್‌ಡಿ1’ ಎಂದು ಕರೆಯುವ ತಳಿಯಲ್ಲಿ ಇದೇ ವಂಶವಾಹಿ ಕೆಟ್ಟಿದೆ. ಕೆಟ್ಟಿರುವುದು ಮೂಗಿನಿಂದ ಬಾಲದವರೆಗೆ ಎಲ್ಲ ಕೋಶಗಳಲ್ಲೂ. ಆದರೆ ಇಲಿ ತಿನ್ನುತ್ತದೆ, ಓಡಾಡುತ್ತದೆ, ಮರಿ ಹಾಕುತ್ತದೆ. ಕಣ್ಣಿನ ಕಡ್ಡಿಕೋಶಗಳು ಮಾತ್ರ ಹುಟ್ಟಿದ ಸುಮಾರು ಮೂರು ವಾರಗಳೊಳಗೆ ಬಹುತೇಕ ನಾಶವಾಗಿಬಿಡುತ್ತವೆ. ಬಳಸದ ಕಡೆ ಕೆಟ್ಟರೇನು, ಬಿಟ್ಟರೇನು!

ಈಗ ಈ ಕಿಣ್ವದ ಒಡಹುಟ್ಟುಗಳ ಕಡೆಗೆ ಬರೋಣ. ನನ್ನ ಮಟ್ಟಿಗೆ ನಿಜವಾದ ಸ್ವಾರಸ್ಯ ಇರುವುದು ಇಲ್ಲೇ. ಪಿಡಿಇ ಎನ್ನುವುದು 11 ಕುಟುಂಬಗಳ ದೊಡ್ಡ ಬಳಗ. ಸೈಕ್ಲಿಕ್ ಎಎಂಪಿ, ಸೈಕ್ಲಿಕ್ ಜಿಎಂಪಿ ಎಂಬ ಪುಟ್ಟ ಸಂಕೇತ ಅಣುಗಳನ್ನು ಒಡೆದು ಸಂಕೇತವನ್ನು ಅಡಗಿಸುವುದು ಇವುಗಳ ಕಸುಬು. ರಕ್ತನಾಳದ ಗೋಡೆಯ ಸ್ನಾಯುವಿನಲ್ಲಿ ಪಿಡಿಇ5 ಹೆಚ್ಚು. ಅಲ್ಲಿ ಸೈಕ್ಲಿಕ್ ಜಿಎಂಪಿ ಏರಿದರೆ ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ. ಕಣ್ಣಿನಲ್ಲೂ ಅದೇ ಅಣು, ಕೆಲಸ ಬೇರೆ: ಕತ್ತಲಲ್ಲಿ ಅದು ಅಯಾನುಗಳ ಬಾಗಿಲನ್ನು ತೆರೆದಿಟ್ಟಿರುತ್ತದೆ, ಬೆಳಕು ಬಿದ್ದೊಡನೆ ಪಿಡಿಇ6 ಅದನ್ನು ಒಡೆಯುತ್ತದೆ, ಬಾಗಿಲು ಮುಚ್ಚುತ್ತದೆ, ಬೆಳಕು ಬಿದ್ದ ಸುದ್ದಿ ಮುಂದಿನ ಕೋಶಕ್ಕೆ ತಲುಪುತ್ತದೆ.

1998ರಲ್ಲಿ ಮಾರುಕಟ್ಟೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆ ಪಿಡಿಇ5 ಅನ್ನು ತಡೆಯುತ್ತದೆ. ಮೊದಲು ಅದನ್ನು ಪರೀಕ್ಷಿಸಿದ್ದು ಎದೆನೋವಿಗೆ; ಹೆಸರು ಮಾಡಿದ್ದು ಪುರುಷರ ನಿಮಿರು ದೌರ್ಬಲ್ಯಕ್ಕೆ; ಶ್ವಾಸಕೋಶದ ರಕ್ತನಾಳಗಳ ಅಧಿಕ ಒತ್ತಡಕ್ಕೂ ಆಮೇಲೆ ಒಪ್ಪಿಗೆ ಸಿಕ್ಕಿತು. ಮೂರೂ ಕಡೆ ಗುರಿ ರಕ್ತನಾಳದ ಸ್ನಾಯುವೇ. ಆದರೆ ಪಿಡಿಇ6 ರೂಪದಲ್ಲಿ ಪಿಡಿಇ5ನ ಹತ್ತಿರದ ನೆಂಟ. ಅದನ್ನು ತಡೆಯಲು ಸುಮಾರು ಹತ್ತು ಪಟ್ಟು ಹೆಚ್ಚು ಔಷಧ ಬೇಕು, ಅಷ್ಟೇ. ಹಾಗಾಗಿ ಈ ಮಾತ್ರೆ ನುಂಗಿದ ಕೆಲವರಿಗೆ ಕೆಲವು ಗಂಟೆ ಲೋಕ ನೀಲಿಯಾಗಿ ಕಾಣುತ್ತದೆ. ಯಾವ ಅಂಗಾಂಶದಲ್ಲಿ ಯಾವ ಕಿಣ್ವವಿದೆ ಎಂಬ ಪಟ್ಟಿಯನ್ನು ಔಷಧ ತಯಾರಕರು ಎದುರಿಗಿಟ್ಟುಕೊಂಡು ಕೂರುವುದು ಸುಮ್ಮನೆ ಅಲ್ಲ.

ಇನ್ನು ನನ್ನ ತಕರಾರು. ಇಂಥ ಪಟ್ಟಿಗಳಲ್ಲಿ ‘ಯಕೃತ್ತು’ ಎಂದು ಬರೆದಿರುವುದು ಯಕೃತ್ತಿನ ಒಂದು ಚೂರನ್ನು. ಆ ಚೂರಿನಲ್ಲಿ ರಕ್ತನಾಳವಿದೆ, ನಾಳದಲ್ಲಿ ಬಿಳಿರಕ್ತಕಣಗಳಿವೆ. ಎಲ್ಲವನ್ನೂ ಅರೆದು ಅಳೆದರೆ ಟಿ ಕೋಶ ಎಂಬ ಬಗೆಯ ಬಿಳಿರಕ್ತಕಣದ ಎಲ್‌ಸಿಕೆ ಕಿಣ್ವದ ಗುರುತು ಯಕೃತ್ತಿನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಒಂದೊಂದೇ ಕೋಶವನ್ನು ಬಿಡಿಸಿ ಅಳೆಯುವ ವಿಧಾನ ಬಂದ ಮೇಲೆ ಈ ಗೊಂದಲ ಸಾಕಷ್ಟು ತಿಳಿಯಾಯಿತು. ಇನ್ನೊಂದು ತೊಡಕೂ ಇದೆ: ಹೆಚ್ಚಿನ ಪಟ್ಟಿಗಳು ಅಳೆಯುವುದು ಆರ್‌ಎನ್‌ಎ ಪ್ರಮಾಣವನ್ನು. ಆರ್‌ಎನ್‌ಎ ರಾಶಿ ಬಿದ್ದಿದ್ದರೂ ಕಿಣ್ವ ಅಷ್ಟೇ ಇರಬೇಕೆಂದೇನೂ ಇಲ್ಲ. ಕಿಣ್ವವಿದ್ದರೂ ಅದು ಚುರುಕಾಗಿದೆಯೆಂಬ ಖಾತರಿಯಿಲ್ಲ.

‘ಮಾತ್ರ’ ಎಂಬ ಪದ ಕೈಕೊಟ್ಟದ್ದನ್ನು ಬಿಟಿಕೆ ಎಂಬ ಕಿಣ್ವದಲ್ಲಿ ನೋಡಬಹುದು. ಇದರ ವಂಶವಾಹಿ ಕೆಟ್ಟ ಗಂಡುಮಕ್ಕಳಲ್ಲಿ, ಸೋಂಕಿನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳೆಂಬ ಬಿಳಿರಕ್ತಕಣಗಳು ಬೆಳೆಯುವುದಿಲ್ಲ, ಹಾಗಾಗಿ ಪ್ರತಿಕಾಯಗಳು ಬಹುತೇಕ ಇರುವುದಿಲ್ಲ; ತಾಯಿಯಿಂದ ಬಂದ ಪ್ರತಿಕಾಯಗಳು ಕರಗಿದ ಮೇಲೆ ಸೋಂಕುಗಳು ಸಾಲುಗಟ್ಟುತ್ತವೆ. ಟಿ ಕೋಶಗಳಿಗೆ ಏನೂ ಆಗುವುದಿಲ್ಲ, ಏಕೆಂದರೆ ಅವು ಬಿಟಿಕೆಯನ್ನು ನೆಚ್ಚಿಕೊಂಡಿಲ್ಲ. ಇದನ್ನು ನೋಡಿದವರಿಗೆ ಬಿಟಿಕೆ ಬಿ ಕೋಶದ ಸ್ವಂತ ಆಸ್ತಿ ಎನ್ನಿಸುವುದು ಸಹಜ. ಮುಂದೆ ಬಿ ಕೋಶಗಳ ಕ್ಯಾನ್ಸರಿಗೆ ಬಿಟಿಕೆಯನ್ನು ತಡೆಯುವ ಇಬ್ರುಟಿನಿಬ್ ಬಂತು. ಕ್ಯಾನ್ಸರ್ ಹತೋಟಿಗೆ ಬಂದರೂ ಕೆಲವು ರೋಗಿಗಳಲ್ಲಿ ಚರ್ಮದಡಿ ರಕ್ತ ಕಟ್ಟಿ ಕಲೆಗಳು ಮೂಡಿದವು, ರಕ್ತಸ್ರಾವವಾಯಿತು. ಅದಕ್ಕೆ ಒಂದು ಕಾರಣ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲೂ ಬಿಟಿಕೆ ಇದೆ.